ಸದ್ದಿಗೆ ಪ್ರಸ್ತಾರ: ಬೀಪ್ ಸಂಕೇತಗಳಿಂದ ಗಣಕಯಂತ್ರದ ಆರಂಭದೋಷವನ್ನು ಗುರುತಿಸುವ ವಿಧಾನ

ಬೇಸಿಗೆಯ ರಜೆ ಮುಗಿದು ಜೂನ್ ತಿಂಗಳ ನಡುವೆ ಶಾಲೆಗಳು ಪುನಃ ಆರಂಭವಾದಾಗ ಗಣಕಯಂತ್ರದ ಕೋಣೆಯಲ್ಲಿ ಒಂದು ತೊಂದರೆ ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತದೆ. ರಜೆಗೆ ಮುನ್ನ ಚೆನ್ನಾಗಿ ನಡೆಯುತ್ತಿದ್ದ ಯಂತ್ರದ ಗುಂಡಿ ಒತ್ತಿದರೆ ಫ್ಯಾನು ತಿರುಗುತ್ತದೆ, ದೀಪವೂ ಬೆಳಗುತ್ತದೆ. ಪರದೆ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ. ಪೆಟ್ಟಿಗೆಯ ಒಳಗಿನಿಂದ ‘ಬೀಪ್, ಬೀಪ್’ ಎಂಬ ಸದ್ದು ಕೇಳಿಬರುತ್ತದೆ. ಜತ್ತ ತಾಲೂಕಿನ ಮಾಡಗ್ಯಾಳದಂತಹ ಊರಿನಲ್ಲಿ ದುರಸ್ತಿಗಾರನು ಜತ್ತದಿಂದಲೋ ಸಾಂಗಲಿಯಿಂದಲೋ ಬರಬೇಕು. ಅವನು ಬರುವವರೆಗೆ ಯಂತ್ರಕ್ಕೆ ಬಟ್ಟೆ ಹೊದಿಸಿ ಇಡಲಾಗುತ್ತದೆ. ಬಾರದಿದ್ದರೆ ಒಂದೆರಡು ವರ್ಷಗಳಲ್ಲಿ ಅದು ಡೆಡ್‌ಸ್ಟಾಕ್ ರಜಿಸ್ಟರಿನಲ್ಲಿ ನಿರುಪಯುಕ್ತ ವಸ್ತುಗಳ ಸಾಲಿಗೆ ಸೇರುತ್ತದೆ. ನಾಲ್ಕೈದು ಯಂತ್ರಗಳಷ್ಟೇ ಇರುವ ಶಾಲೆಯಲ್ಲಿ ಹೀಗೆ ಎರಡು ನಿಂತುಹೋದರೆ ಮಕ್ಕಳು ಕೀಬೋರ್ಡಿನ ಚಿತ್ರವನ್ನು ಪುಸ್ತಕದಿಂದ ಬರೆದುಕೊಂಡೇ ವರ್ಷ ಕಳೆಯಬೇಕಾಗುತ್ತದೆ. ಆದರೆ ಆ ಸದ್ದು ಅರ್ಥವಿಲ್ಲದ ಗದ್ದಲವಲ್ಲ. ಯಂತ್ರವು ತನ್ನ ದೋಷವನ್ನು ತಾನೇ ಹೇಳುತ್ತಿರುತ್ತದೆ. ಅದನ್ನು ಕೇಳಿ ಬರೆದುಕೊಳ್ಳುವ ಬಗೆಯನ್ನು ಈ ಪಾಠದಲ್ಲಿ ನೋಡೋಣ.

ಸದ್ದು ಏಕೆ?

ವಿದ್ಯುತ್ತು ದೊರೆತೊಡನೆ ಪ್ರೊಸೆಸರು ವಿಂಡೋಸನ್ನಾಗಲಿ ಲಿನಕ್ಸನ್ನಾಗಲಿ ಹುಡುಕುವುದಿಲ್ಲ. ಅದು ಮೊದಲು ಓದುವುದು ಮದರ್‌ಬೋರ್ಡಿನ ಒಂದು ಚಿಪ್ಪಿನಲ್ಲಿ ಶಾಶ್ವತವಾಗಿ ಬರೆದಿಟ್ಟಿರುವ ಬಯಾಸ್ ಎಂಬ ಆದೇಶಮಾಲೆಯನ್ನು. 1981ರ ಆಗಸ್ಟ್ 12ರಂದು ಬಿಡುಗಡೆಯಾದ ಐಬಿಎಂ ಕಂಪನಿಯ ಮೊದಲ ಪರ್ಸನಲ್ ಕಂಪ್ಯೂಟರಿನಲ್ಲಿ ಈ ಬಯಾಸಿನ ಗಾತ್ರ ಕೇವಲ 8 ಕಿಲೋಬೈಟ್ ಆಗಿತ್ತು. ಅಷ್ಟರಲ್ಲಿಯೇ ಸ್ವಯಂಪರೀಕ್ಷೆಯ ಆದೇಶಗಳನ್ನೂ ಅಡಕಮಾಡಲಾಗಿತ್ತು. ‘ಪೋಸ್ಟ್’ ಎಂದು ಕರೆಯುವ ಈ ಪರೀಕ್ಷೆಯು ಬಯಾಸಿನ ಬರಹ ಕೆಟ್ಟಿದೆಯೇ, ಗಡಿಯಾರದ ಚಿಪ್ಪು ನಡೆಯುತ್ತಿದೆಯೇ, ರ‍್ಯಾಮ್ ಇದೆಯೇ, ಚಿತ್ರವನ್ನು ಪರದೆಗೆ ಕಳುಹಿಸುವ ಭಾಗ ಉತ್ತರಿಸುತ್ತದೆಯೇ ಎಂದು ಒಂದೊಂದಾಗಿ ವಿಚಾರಿಸುತ್ತ ಹೋಗುತ್ತದೆ.

ಇಲ್ಲಿ ಒಂದು ಮಾತನ್ನು ಚೆನ್ನಾಗಿ ಗ್ರಹಿಸಬೇಕು. ಪರದೆಯ ಮೇಲೆ ಅಕ್ಷರ ಮೂಡಬೇಕಾದರೆ ರ‍್ಯಾಮೂ ಚಿತ್ರದ ಭಾಗವೂ ಸರಿಯಿರಬೇಕು. ಕೆಟ್ಟಿರುವುದು ಅವೇ ಆದರೆ ‘ನಾನು ಕೆಟ್ಟಿದ್ದೇನೆ’ ಎಂದು ಬರೆದು ತೋರಿಸುವುದು ಸಾಧ್ಯವಿಲ್ಲ. ಸ್ಪೀಕರಿನಿಂದ ಒಂದು ಸದ್ದು ಹೊರಡಿಸಲು ಮಾತ್ರ ಪ್ರೊಸೆಸರಿಗೆ ತನ್ನೊಳಗಿನ ರಿಜಿಸ್ಟರುಗಳೇ ಸಾಕು, ರ‍್ಯಾಮ್ ಬೇಕಾಗಿಲ್ಲ. ಆದ್ದರಿಂದ ಬೀಪ್ ಸಂಕೇತಗಳು ಬಹುಮಟ್ಟಿಗೆ ಪರದೆ ಬೆಳಗುವುದಕ್ಕೆ ಮುಂಚಿನ ದೋಷಗಳನ್ನು ಕುರಿತವು. ಹಾರ್ಡ್‌ಡಿಸ್ಕ್ ಸಿಗಲಿಲ್ಲ, ಕೀಬೋರ್ಡ್ ಸಿಗಲಿಲ್ಲ ಎಂಬಂತಹ ದೂರುಗಳನ್ನು ಯಂತ್ರವು ಪರದೆಯ ಮೇಲೆಯೇ ಬರೆಯುತ್ತದೆ. ಕೀಬೋರ್ಡ್ ಇಲ್ಲವೆಂದು ಹೇಳಿ, ಮುಂದುವರಿಯಲು ಅದೇ ಕೀಬೋರ್ಡಿನ ಎಫ್1 ಕೀಲಿಯನ್ನು ಒತ್ತೆಂದು ಕೇಳುವ ಹಳೆಯ ಯಂತ್ರಗಳ ಸಂದೇಶವು ಮಕ್ಕಳನ್ನು ನಗಿಸದೆ ಬಿಡುವುದಿಲ್ಲ.

ಲಘು, ಗುರು, ಯತಿ

ಕನ್ನಡ ಬೋಧಿಸುವ ಶಿಕ್ಷಕರಿಗೆ ಈ ಸಂಕೇತಗಳನ್ನು ಬರೆದುಕೊಳ್ಳುವ ಸಾಧನ ಮೊದಲೇ ಕೈಯಲ್ಲಿದೆ. ಪದ್ಯದ ಸಾಲಿಗೆ ಪ್ರಸ್ತಾರ ಹಾಕುವಂತೆಯೇ ಸದ್ದಿಗೂ ಹಾಕಬಹುದು: ಚಿಕ್ಕ ಬೀಪಿಗೆ ಲಘು, ಉದ್ದನೆಯ ಬೀಪಿಗೆ ಗುರು, ನಡುವಿನ ನಿಲುಗಡೆಗೆ ಯತಿ. ಒಂದು ಉದ್ದ, ಎರಡು ಚಿಕ್ಕ ಬೀಪುಗಳು ಕೇಳಿದರೆ ಅದು ಗುರು-ಲಘು-ಲಘು, ಅಂದರೆ ಭಗಣ. ಐಬಿಎಂ ಮಾದರಿಯಲ್ಲಿಯೂ ಅವಾರ್ಡ್ ಬಯಾಸಿನಲ್ಲಿಯೂ ಭಗಣದ ಅರ್ಥ ಚಿತ್ರದ ಭಾಗದಲ್ಲಿ ದೋಷವಿದೆ ಎಂಬುದು. ಮೂರು ಚಿಕ್ಕ ಬೀಪುಗಳು ನಗಣ. ಹಳೆಯ ಎಎಂಐ ಬಯಾಸಿನಲ್ಲಿ ಅದು ರ‍್ಯಾಮಿನ ಮೊದಲ 64 ಕಿಲೋಬೈಟ್ ಭಾಗ ಪರೀಕ್ಷೆಯಲ್ಲಿ ಸೋತಿತೆಂಬ ಸೂಚನೆ.

ಹೋಲಿಕೆಯನ್ನು ಇದಕ್ಕಿಂತ ಮುಂದಕ್ಕೆ ಎಳೆಯಬಾರದು. ಛಂದಸ್ಸಿನ ಗಣಗಳಿಗೆ ಎಲ್ಲೆಡೆಯೂ ಒಂದೇ ಹೆಸರಿದೆ. ಬೀಪ್ ಸಂಕೇತಗಳಿಗೆ ಅಂತಹ ಏಕರೂಪತೆ ಇಲ್ಲ. ಬಯಾಸನ್ನು ಬರೆದ ಸಂಸ್ಥೆ ಬೇರೆಯಾದರೆ ಅರ್ಥವೂ ಬೇರೆಯಾಗುತ್ತದೆ. ಎಎಂಐ ಸಂಸ್ಥೆಯನ್ನು 1985ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಸ್ಥಾಪಿಸಿದವರಲ್ಲಿ ಭಾರತೀಯ ಮೂಲದ ಸುಬ್ರಮಣಿಯನ್ ಶಂಕರ್ ಒಬ್ಬರು. ಅದರ ಹಳೆಯ ಸಂಕೇತಗಳು ಬಹುತೇಕ ಎಣಿಕೆಯವು: ಒಂದರಿಂದ ಮೂರರವರೆಗೆ ರ‍್ಯಾಮಿಗೆ ಸಂಬಂಧಿಸಿದವು, ನಾಲ್ಕು ಗಡಿಯಾರದ್ದು, ಐದು ಪ್ರೊಸೆಸರಿನದು, ಎಂಟು ಚಿತ್ರದ ಸ್ಮೃತಿಯದು, ಒಂಬತ್ತು ಬಯಾಸ್ ಚಿಪ್ಪಿನದು. ಅವಾರ್ಡಿನಲ್ಲಿ ಉದ್ದನೆಯ ಬೀಪು ನಿಲ್ಲದೆ ಮರುಕಳಿಸಿದರೆ ರ‍್ಯಾಮ್ ಸಿಗುತ್ತಿಲ್ಲವೆಂದು ತಿಳಿಯಬೇಕು. ಫೀನಿಕ್ಸ್ ಬಯಾಸಿನಲ್ಲಿ ಯತಿಯೇ ಮುಖ್ಯ. ಒಂದು, ನಿಲುಗಡೆ, ಮೂರು, ನಿಲುಗಡೆ, ನಾಲ್ಕು, ನಿಲುಗಡೆ, ಒಂದು ಎಂದು ಗುಂಪುಗುಂಪಾಗಿ ಕೇಳಿದರೆ ರ‍್ಯಾಮಿನ ಕಡೆಗೆ ನೋಡಬೇಕು. ಇಲ್ಲಿ ಒಟ್ಟು ಒಂಬತ್ತು ಎಂದು ಎಣಿಸಿದವರು ದಾರಿ ತಪ್ಪುತ್ತಾರೆ. ಅವಾರ್ಡ್ ಸಂಸ್ಥೆಯು 1998ರಲ್ಲಿ ಫೀನಿಕ್ಸಿನಲ್ಲಿ ವಿಲೀನವಾದ ಕಾರಣ ಕೆಲವು ಮದರ್‌ಬೋರ್ಡುಗಳಲ್ಲಿ ಎರಡೂ ಹೆಸರುಗಳು ಜೊತೆಯಾಗಿ ಕಾಣುತ್ತವೆ.

ಡೆಲ್ ಯಂತ್ರಗಳದು ಮತ್ತೊಂದು ಪಟ್ಟಿ. ಅಲ್ಲಿ ಎರಡು ಎಂದರೆ ರ‍್ಯಾಮ್ ಕಾಣುತ್ತಿಲ್ಲ, ಮೂರು ಎಂದರೆ ಮದರ್‌ಬೋರ್ಡಿನ ದೋಷ, ನಾಲ್ಕು ಎಂದರೆ ರ‍್ಯಾಮ್ ಕೆಟ್ಟಿದೆ, ಐದು ಎಂದರೆ ಗಡಿಯಾರದ ಚಿಕ್ಕ ಬ್ಯಾಟರಿ ಸೋತಿದೆ. ಅದೇ ಮೂರು ಬೀಪುಗಳು ಎಎಂಐನಲ್ಲಿ ರ‍್ಯಾಮನ್ನು ಸೂಚಿಸಿದ್ದನ್ನು ಮೇಲೆ ನೋಡಿದೆವು. ಆದ್ದರಿಂದ ಯಂತ್ರಗಳು ನಡೆಯುತ್ತಿರುವಾಗಲೇ, ಆರಂಭದಲ್ಲಿ ಪರದೆಯ ಮೇಲೆ ಕ್ಷಣಕಾಲ ಮೂಡುವ ಬಯಾಸಿನ ಹೆಸರನ್ನು ನೋಡಿ ಪ್ರತಿಯೊಂದು ಪೆಟ್ಟಿಗೆಯ ಪಕ್ಕಕ್ಕೆ ಚೀಟಿ ಅಂಟಿಸಿಡುವುದು ಒಳ್ಳೆಯದು. ಮದರ್‌ಬೋರ್ಡಿನೊಡನೆ ಬಂದ ಪುಸ್ತಿಕೆ ಉಳಿದಿದ್ದರೆ ಅದರ ಮಾತೇ ಅಂತಿಮ. ಹೊಸ ಯಂತ್ರಗಳಲ್ಲಿ ಹಳೆಯ ಪಟ್ಟಿಗಳು ಪೂರ್ತಿಯಾಗಿ ಹೊಂದುವುದಿಲ್ಲ.

ಒಂದೇ ಒಂದು ಚಿಕ್ಕ ಬೀಪ್ ಕೇಳಿ, ಪರದೆಯೂ ಬೆಳಗಿದರೆ ಎಲ್ಲವೂ ಸರಿಯಿದೆ ಎಂದರ್ಥ. ಆ ಬೀಪಿಗೆ ಗಾಬರಿಯಾಗಿ ಯಂತ್ರವನ್ನು ಆರಿಸುವ ವಿದ್ಯಾರ್ಥಿಗಳು ಪ್ರತಿ ತರಗತಿಯಲ್ಲಿಯೂ ಇರುತ್ತಾರೆ.

ಕೇಳುವ ಮುನ್ನ

ಸದ್ದು ಎಲ್ಲಿಂದ ಬರುತ್ತಿದೆ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಲೋಡ್‌ಶೆಡ್ಡಿಂಗ್ ಇರುವ ಊರುಗಳಲ್ಲಿ ಕೂಗುತ್ತಿರುವುದು ಬಹಳ ಸಲ ಗಣಕಯಂತ್ರವಲ್ಲ, ಮೇಜಿನ ಕೆಳಗಿನ ಯುಪಿಎಸ್. ವಿದ್ಯುತ್ತು ಹೋದಾಗ ಅದು ಕೆಲವು ಕ್ಷಣಗಳಿಗೊಮ್ಮೆ, ಬ್ಯಾಟರಿ ಮುಗಿಯುತ್ತ ಬಂದಾಗ ಬೇಗಬೇಗನೆ ಕೂಗುತ್ತದೆ. ಹತ್ತಿರ ಕಿವಿಯಿಟ್ಟರೆ ಸಂಶಯ ಪರಿಹಾರವಾಗುತ್ತದೆ. ಕೀಬೋರ್ಡಿನ ಮೇಲೆ ಯಾರೋ ಪುಸ್ತಕ ಇಟ್ಟು ಒಂದು ಕೀಲಿ ಒತ್ತಿಕೊಂಡೇ ಇದ್ದರೂ ಯಂತ್ರ ಬೀಪ್ ಮಾಡುತ್ತದೆ. ಇನ್ನು, ಚೆನ್ನಾಗಿ ನಡೆಯುತ್ತಿದ್ದ ಯಂತ್ರ ಅರ್ಧ ತಾಸಿನ ನಂತರ ಕಿರಿಚಲು ತೊಡಗಿದರೆ ಅದು ಆರಂಭದ ಸಂಕೇತವಲ್ಲ. ಪ್ರೊಸೆಸರು ಕಾದಿದೆ ಎಂಬ ಎಚ್ಚರಿಕೆ. ನಮ್ಮ ಬಯಲುಸೀಮೆಯ ಧೂಳು ಅದರ ಫ್ಯಾನಿನಲ್ಲಿ ಗಟ್ಟಿಯಾಗಿ ಕುಳಿತಿರುತ್ತದೆ. ಅಂತಹ ಯಂತ್ರವನ್ನು ಕೂಡಲೇ ಆರಿಸಬೇಕು.

ಸದ್ದೇ ಇಲ್ಲದಿದ್ದರೆ? ಅದರಿಂದ ಏನನ್ನೂ ತೀರ್ಮಾನಿಸಲಾಗದು. ಈಗಿನ ಅನೇಕ ಮದರ್‌ಬೋರ್ಡುಗಳಿಗೆ ಸ್ಪೀಕರನ್ನು ಜೋಡಿಸಿಯೇ ಇರುವುದಿಲ್ಲ. ಅದಕ್ಕೆ ಮೀಸಲಾದ ನಾಲ್ಕು ಮುಳ್ಳುಗಳು ಮಾತ್ರ ಬೋರ್ಡಿನ ಅಂಚಿನಲ್ಲಿರುತ್ತವೆ. ಅವುಗಳಿಗೆ ಸಿಕ್ಕಿಸುವ ಪುಟ್ಟ ಸ್ಪೀಕರು ಅಲ್ಪ ಬೆಲೆಗೆ ದೊರೆಯುತ್ತದೆ. ಶಾಲೆಗೆ ಇಂತಹ ಒಂದನ್ನು ಕೊಂಡಿಟ್ಟುಕೊಳ್ಳುವುದು ಈ ಇಡೀ ಪಾಠಕ್ಕಿಂತ ಹೆಚ್ಚು ಉಪಯುಕ್ತವಾದೀತು. ಕೆಲವು ಬೋರ್ಡುಗಳಲ್ಲಿ ಸ್ಪೀಕರಿನ ಬದಲು ಪ್ರೊಸೆಸರು, ರ‍್ಯಾಮ್, ಚಿತ್ರ, ಡಿಸ್ಕ್ ಎಂಬ ನಾಲ್ಕು ಹೆಸರುಗಳ ಪಕ್ಕದಲ್ಲಿ ಪುಟ್ಟ ದೀಪಗಳಿರುತ್ತವೆ. ಯಾವುದು ಆರದೆ ಉಳಿಯುವುದೋ ಅಲ್ಲಿ ಪರೀಕ್ಷೆ ನಿಂತಿದೆ ಎಂದು ತಿಳಿಯಬೇಕು.

ಬೇಕೆಂದೇ ಒಂದು ದೋಷ

ಕಾಯಿಲೆಯ ಮೂಲ ಹುಡುಕಲು ದುರಸ್ತಿಗಾರರು ಬಳಸುವ ಒಂದು ಸುಲಭೋಪಾಯವಿದೆ. ಶಿಕ್ಷಕರು ಇದನ್ನು ತಿಳಿದಿದ್ದರೆ ಅರ್ಧ ಕೆಲಸ ಶಾಲೆಯಲ್ಲಿಯೇ ಮುಗಿಯುತ್ತದೆ.

ಮೊದಲು ತಂತಿಯನ್ನು ಗೋಡೆಯ ಪ್ಲಗ್ಗಿನಿಂದ ತೆಗೆಯಬೇಕು. ಸ್ವಿಚ್ ಆರಿಸಿದರೆ ಸಾಲದು. ಬಳಿಕ ಯಂತ್ರದ ಗುಂಡಿಯನ್ನು ಹತ್ತು ಎಣಿಸುವವರೆಗೆ ಒತ್ತಿಹಿಡಿದರೆ ಬೋರ್ಡಿನಲ್ಲಿ ಉಳಿದ ವಿದ್ಯುತ್ತು ಹರಿದುಹೋಗುತ್ತದೆ. ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಬೇಕು. ಒಣಹವೆಯ ಚಳಿಗಾಲದಲ್ಲಿ ಇದನ್ನು ಮರೆಯಲೇಬಾರದು. ನಂತರ ರ‍್ಯಾಮಿನ ಪಟ್ಟಿಗಳ ಎರಡು ತುದಿಯ ಹಿಡಿಕೆಗಳನ್ನು ಬಿಡಿಸಿ, ಎಲ್ಲ ಪಟ್ಟಿಗಳನ್ನೂ ಹೊರತೆಗೆದು, ಪುನಃ ವಿದ್ಯುತ್ತು ಕೊಟ್ಟು ಯಂತ್ರವನ್ನು ಹಚ್ಚಬೇಕು.

ಈಗ ರ‍್ಯಾಮ್ ಇಲ್ಲ. ಆದ್ದರಿಂದ ಯಂತ್ರವು ದೂರಲೇಬೇಕು. ದೂರಿನ ಬೀಪ್ ಕೇಳಿದರೆ ಪ್ರೊಸೆಸರು, ಬಯಾಸ್, ಸ್ಪೀಕರು ಈ ಮೂರೂ ಜೀವಂತವಾಗಿವೆ ಎಂದು ಸಿದ್ಧವಾಯಿತು. ಬೆಲೆಬಾಳುವ ಭಾಗಗಳು ಉಳಿದಿವೆ. ಯಂತ್ರವನ್ನು ನಿರುಪಯುಕ್ತವೆಂದು ಬರೆದುಹಾಕುವ ಕಾರಣವಿಲ್ಲ. ಸ್ಪೀಕರು ಇದ್ದೂ ಮೌನವೇ ಇದ್ದರೆ ದೋಷವು ರ‍್ಯಾಮಿಗಿಂತ ಹಿಂದಿನದು: ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್, ಪ್ರೊಸೆಸರು ಅಥವಾ ಬೋರ್ಡು. ಪ್ರೊಸೆಸರಿನ ಬಳಿಗೆ ಪ್ರತ್ಯೇಕವಾಗಿ ಬರುವ ನಾಲ್ಕು ಇಲ್ಲವೆ ಎಂಟು ತಂತಿಗಳ ಜೋಡಣೆ ಸಡಿಲವಾಗಿಲ್ಲವೇ ಎಂದಷ್ಟೇ ನೋಡಿ, ಆಮೇಲಿನದನ್ನು ದುರಸ್ತಿಗಾರನಿಗೆ ಬಿಡಬೇಕು. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಶಿಕ್ಷಕರಾಗಲಿ ವಿದ್ಯಾರ್ಥಿಗಳಾಗಲಿ ಎಂದಿಗೂ ಬಿಚ್ಚತಕ್ಕದ್ದಲ್ಲ. ತಂತಿ ತೆಗೆದ ಮೇಲೂ ಅದರ ಕೆಪ್ಯಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುತ್ತು ಉಳಿದಿರುತ್ತದೆ.

ದೂರು ಕೇಳಿಬಂತೆಂದುಕೊಳ್ಳೋಣ. ಪುನಃ ತಂತಿ ತೆಗೆದು, ರ‍್ಯಾಮ್ ಪಟ್ಟಿಯ ಹೊಂಬಣ್ಣದ ಅಂಚನ್ನು ಪರಿಶೀಲಿಸಬೇಕು. ರಜೆಯಲ್ಲಿ ಕುಳಿತ ಧೂಳು, ಮಳೆಗಾಲದ ಮೊದಲ ತೇವ ಇವು ಸೇರಿ ಅಲ್ಲಿ ಮಸುಕು ಕಟ್ಟಿರುತ್ತದೆ. ಮೆತ್ತಗಿನ ಬಿಳಿ ರಬ್ಬರಿನಿಂದ ಒಂದೇ ದಿಕ್ಕಿಗೆ ಹಗುರಾಗಿ ಒರೆಸಿ, ರಬ್ಬರಿನ ಚೂರುಗಳನ್ನು ಒಣ ಬ್ರಶ್ಶಿನಿಂದ ಕೊಡವಬೇಕು. ಒದ್ದೆ ಬಟ್ಟೆ ಕೂಡದು; ಬಾಯಿಂದ ಊದಿದರೂ ಉಗುಳಿನ ತೇವ ಸೇರುತ್ತದೆ. ಬಳಿಕ ಒಂದೇ ಒಂದು ಪಟ್ಟಿಯನ್ನು, ಅದರ ಅಂಚಿನ ಕಚ್ಚು ಗೂಡಿನ ಉಬ್ಬಿಗೆ ಸರಿಹೊಂದುವಂತೆ, ಎರಡು ಕಡೆ ‘ಟಕ್’ ಎನ್ನುವವರೆಗೆ ಒತ್ತಿ ಕೂಡಿಸಬೇಕು. ಪರದೆ ಬೆಳಗಿದರೆ ಆ ಪಟ್ಟಿಯೂ ಆ ಗೂಡೂ ಸರಿಯಿವೆ. ಹೀಗೆಯೇ ಪಟ್ಟಿಗಳನ್ನೂ ಗೂಡುಗಳನ್ನೂ ಒಂದೊಂದಾಗಿ ಬದಲಿಸುತ್ತ ಹೋದರೆ ಕೆಟ್ಟದ್ದು ಯಾವುದೆಂದು ತಾನಾಗಿ ತಿಳಿಯುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸುವುದು ವಿಜ್ಞಾನದ ತಾಸಿನಲ್ಲಿ ನಾವು ಕಲಿಸುವ ನಿಯಮವೇ. ಎರಡನ್ನು ಒಟ್ಟಿಗೆ ಬದಲಿಸಿದವರಿಗೆ ಯಾವುದರಿಂದ ಸರಿಯಾಯಿತೆಂದು ಗೊತ್ತಾಗುವುದಿಲ್ಲ.

ಭಗಣ ಕೇಳಿದರೆ ಇಷ್ಟು ಶ್ರಮ ಬೇಡ. ಪರದೆಯ ತಂತಿಯನ್ನೂ, ಪ್ರತ್ಯೇಕ ಗ್ರಾಫಿಕ್ ಕಾರ್ಡಿದ್ದರೆ ಅದನ್ನೂ ತೆಗೆದು ಗಟ್ಟಿಯಾಗಿ ಕೂಡಿಸಿ ನೋಡಿದರೆ ಸಾಕು.

ಬರೆದಿಡುವುದು ಮತ್ತು ಹೇಳುವುದು

ಒಂದು ಯಂತ್ರದ ರ‍್ಯಾಮನ್ನು ಇನ್ನೊಂದಕ್ಕೆ ಹಾಕಿದಾಗ ಡೆಡ್‌ಸ್ಟಾಕ್ ರಜಿಸ್ಟರಿನ ಷರಾ ಅಂಕಣದಲ್ಲಿ ದಿನಾಂಕದೊಡನೆ ನಮೂದಿಸಿ ಮುಖ್ಯಾಧ್ಯಾಪಕರ ಸಹಿ ಪಡೆಯಬೇಕು. ಖಾತರಿಯ ಅವಧಿ ಮುಗಿಯದ ಯಂತ್ರವನ್ನು ಬಿಚ್ಚಬಾರದು. ಅದರ ಸದ್ದನ್ನು ಮಾತ್ರ ಬರೆದುಕೊಂಡು ದೂರು ಸಲ್ಲಿಸಬೇಕು.

‘ಸಂಗಣಕ ಬಂದ್ ಇದೆ’ ಎಂಬ ಒಂದು ಸಾಲಿನ ದೂರಿನಿಂದ ದುರಸ್ತಿಗಾರನಿಗೆ ಏನೂ ತಿಳಿಯದು. ಅವನು ಬರಿಗೈಯಲ್ಲಿ ಬಂದು, ನೋಡಿ, ಸಾಮಾನು ತರಲು ಹಿಂತಿರುಗುತ್ತಾನೆ. ಬಯಾಸಿನ ಹೆಸರು, ಸದ್ದಿನ ಪ್ರಸ್ತಾರ, ಫ್ಯಾನು ತಿರುಗುತ್ತದೆಯೋ ಇಲ್ಲವೋ, ರ‍್ಯಾಮ್ ತೆಗೆದಾಗ ಏನಾಯಿತು ಎಂಬ ನಾಲ್ಕು ಸಂಗತಿಗಳನ್ನು ತಿಳಿಸಿದರೆ ಅವನು ಬೇಕಾದ ಭಾಗವನ್ನು ಹಿಡಿದುಕೊಂಡೇ ಬರಬಲ್ಲನು. ನಮ್ಮ ಭಾಗದಲ್ಲಿ ಈ ಮಾತುಕತೆ ಸಾಮಾನ್ಯವಾಗಿ ಮರಾಠಿಯಲ್ಲಿ ನಡೆಯುವುದರಿಂದ ‘ಏಕ್ ಲಾಂಬ್, ದೋನ್ ಲಹಾನ್’ ಎಂದರೆ ಕೆಲಸ ಮುಗಿಯಿತು. ಭಗಣವನ್ನು ನಮ್ಮ ವಹಿಯಲ್ಲಿಯೇ ಇಟ್ಟುಕೊಳ್ಳೋಣ.

ತರಗತಿಯಲ್ಲಿ

ಇಯತ್ತೆ ಎಂಟರಿಂದ ಮೇಲಿನ ಮಕ್ಕಳಿಗೆ ಇದನ್ನು ಯಂತ್ರವಿಲ್ಲದೆಯೂ ಕಲಿಸಬಹುದು. ಶಿಕ್ಷಕರು ಮೇಜನ್ನು ಬಡಿದು ಲಘುವನ್ನೂ, ಸೀಟಿಯನ್ನು ಉದ್ದಕ್ಕೆ ಊದಿ ಗುರುವನ್ನೂ ಕೇಳಿಸಬೇಕು. ಮಕ್ಕಳು ಕಣ್ಣುಮುಚ್ಚಿ ಕೇಳಿ ಪ್ರಸ್ತಾರ ಬರೆಯಬೇಕು. ಮಾಡಗ್ಯಾಳದ ಕುರಿತಳಿ ಉಬ್ಬುಮೂಗಿನಿಂದ ಸಂತೆಯಲ್ಲಿ ದೂರದಿಂದಲೇ ಗುರುತು ಸಿಗುತ್ತದೆ. ಆದರೆ ಕತ್ತಲಲ್ಲಿ ಮಂದೆ ಕಾಯುವವನು ಕಿವಿಯನ್ನೇ ನಂಬಬೇಕು. ಕುರಿಗಾರರ ಮನೆಯ ಮಕ್ಕಳನ್ನು ಈ ಕುರಿತು ಮಾತನಾಡಿಸಿದರೆ ಪಾಠಕ್ಕೆ ಒಳ್ಳೆಯ ಪ್ರವೇಶ ಸಿಗುತ್ತದೆ.

ಕೊನೆಯಲ್ಲಿ ಈ ಪ್ರಶ್ನೆಯನ್ನು ಫಲಕದ ಮೇಲೆ ಬರೆಯಬಹುದು: ‘ಡೆಲ್ ಯಂತ್ರವೊಂದು ಎರಡು ಸಲ ಬೀಪ್ ಮಾಡುತ್ತದೆ. ರ‍್ಯಾಮನ್ನು ಒರೆಸಿ ಕೂಡಿಸಿದ ಮೇಲೆ ಐದು ಸಲ ಬೀಪ್ ಮಾಡುತ್ತದೆ. ಯಂತ್ರ ಸುಧಾರಿಸಿದೆಯೋ ಕೆಟ್ಟಿದೆಯೋ? ಮುಂದೆ ಏನನ್ನು ಬದಲಿಸುವಿರಿ?’ ದೋಷ ಹೆಚ್ಚಾಯಿತೆಂದು ಹಲವರು ಬರೆಯುತ್ತಾರೆ. ರ‍್ಯಾಮಿನ ದೂರು ನಿಂತು, 3 ವೋಲ್ಟಿನ ನಾಣ್ಯದಾಕಾರದ ಬ್ಯಾಟರಿಯ ದೂರು ಈಗ ಕೇಳಿಸುತ್ತಿದೆ ಎಂದು ಬರೆದವರಿಗೆ ಪೂರ್ಣ ಅಂಕ ಕೊಡಬೇಕು. ಆ ಬ್ಯಾಟರಿಯ ಮೇಲೆ ಸಿಆರ್2032 ಎಂದು ಬರೆದಿರುತ್ತದೆ.