ಓಪನ್‌ಸ್ಟ್ಯಾಕ್ ಕಲಿಯಲು ಕೂತವರಿಗೆ ಒಂದಿಷ್ಟು ಕಿವಿಮಾತು

ಸ್ವಂತ ಸರ್ವರ್‌ಗಳ ಮೇಲೆ ಕ್ಲೌಡ್ ಕಟ್ಟುವ ಕೆಲಸಕ್ಕೆ ಹೊಸದಾಗಿ ಸೇರಿದ ಮಕ್ಕಳು ಕೇಳುವುದು ಒಂದೇ: ‘ಓಪನ್‌ಸ್ಟ್ಯಾಕ್ ಎಲ್ಲಿಂದ ಶುರು ಮಾಡಲಿ ಸರ್?’ 2010ರಲ್ಲಿ ನಾಸಾ ಮತ್ತು ರ‍್ಯಾಕ್‌ಸ್ಪೇಸ್ ಸೇರಿ ಶುರುಮಾಡಿದ ಈ ತಂತ್ರಾಂಶ ಇವತ್ತು ದೊಡ್ಡ ಸಂಸಾರ. ಗಾಬರಿಯಾಗಬೇಡಿ.

• ಸದ್ಯಕ್ಕೆ ಆರು ಹೆಸರು ಸಾಕು. ನೀವು ಯಾರೆಂದು ಪರೀಕ್ಷಿಸುವುದು ಕೀಸ್ಟೋನ್, ಇಮೇಜ್‌ಗಳನ್ನು ಇಟ್ಟುಕೊಳ್ಳುವುದು ಗ್ಲಾನ್ಸ್, ಮೆಷೀನ್ ಎಬ್ಬಿಸುವುದು ನೋವಾ, ನೆಟ್‌ವರ್ಕ್ ನ್ಯೂಟ್ರಾನ್‌ದು, ಡಿಸ್ಕ್ ಸಿಂಡರ್‌ದು, ಬ್ರೌಸರಿನಲ್ಲಿ ಕಾಣುವುದು ಹೊರೈಜನ್.

• ಕಲಿಯಲು ಡೆವ್‌ಸ್ಟ್ಯಾಕ್ ಹಿಡಿಯಿರಿ, ಅದು ಓಪನ್‌ಸ್ಟ್ಯಾಕನ್ನು ಎಬ್ಬಿಸಿಕೊಡುವ ಸ್ಕ್ರಿಪ್ಟ್‌ಗಳ ಕಂತೆ. ಆದರೆ ದಿನಬಳಕೆಯ ಲ್ಯಾಪ್‌ಟಾಪ್ ಮೇಲೆ ನೇರವಾಗಿ ಹಾಕಲೇಬೇಡಿ. ಅದು ಸಿಸ್ಟಮ್ಮಿನ ಸೆಟ್ಟಿಂಗ್‌ಗಳನ್ನೇ ಬದಲಿಸುತ್ತದೆ. ನಾನು ಹಾಗೆ ಹಾಕಿ ಎರಡು ದಿನದ ಕೆಲಸ ಕಳೆದುಕೊಂಡಿದ್ದೇನೆ. ಉಬುಂಟು ಇರುವ ಖಾಲಿ ವರ್ಚುವಲ್ ಮೆಷೀನ್ ಮಾಡಿಕೊಳ್ಳಿ, ಕೆಟ್ಟರೆ ಅಳಿಸಿ ಮತ್ತೆ ಮಾಡಿ. ಡೆವ್‌ಸ್ಟ್ಯಾಕ್ ಇರುವುದು ಕಲಿಕೆಗೆ, ಪರೀಕ್ಷೆಗೆ. ಗಿರಾಕಿಗಳ ಕೆಲಸವನ್ನು ಅದರ ಮೇಲೆ ಕೂರಿಸಬೇಡಿ.

• ಡೆವ್‌ಸ್ಟ್ಯಾಕ್‌ನ ಸೆಟ್ಟಿಂಗ್ ಫೈಲಿನಲ್ಲಿ ನಾಲ್ಕು ಪಾಸ್‌ವರ್ಡ್ ಬರೆದು ಅದರ ಸ್ಕ್ರಿಪ್ಟ್ ಓಡಿಸಿದರೆ ಅರ್ಧ ಗಂಟೆ ಹಿಡಿಯಬಹುದು. ಎದ್ದು ಕಾಫಿಗೆ ಹೋಗಬೇಡಿ. ಯಾವುದರ ನಂತರ ಯಾವ ಸರ್ವಿಸ್ ಏಳುತ್ತದೆ, ಕೂತು ನೋಡಿ.

• ಓಪನ್‌ಸ್ಟ್ಯಾಕ್ ಒಳಗೆ ಎಬ್ಬಿಸುವ ಮೊದಲ ಮೆಷೀನ್‌ಗೆ ಸಿರೋಸ್ ಇಮೇಜ್ ಸಾಕು. ತುಂಬ ಚಿಕ್ಕದು, ಬೇಗ ಏಳುತ್ತದೆ.

• ಮೆಷೀನ್ ‘ಆಕ್ಟಿವ್’ ಅನ್ನುತ್ತದೆ, ಪಿಂಗ್ ಮಾತ್ರ ಹೋಗುವುದಿಲ್ಲ. ಹೊಸಬರು ಇಲ್ಲೇ ಸಿಕ್ಕಿಬೀಳುತ್ತಾರೆ, ನ್ಯೂಟ್ರಾನನ್ನು ಬಿಚ್ಚಿ ಹರಡಿಕೊಂಡು ರಾತ್ರಿಯೆಲ್ಲ ಕೂರುತ್ತಾರೆ. ಡಿಫಾಲ್ಟ್ ಸೆಕ್ಯುರಿಟಿ ಗ್ರೂಪ್ ಹೊರಗಿನಿಂದ ಬರುವುದನ್ನು ತಡೆಯುತ್ತದೆ, ಅಷ್ಟೇ. ಪಿಂಗ್‌ಗಾಗಿ ಐಸಿಎಂಪಿಗೂ ಎಸ್‌ಎಸ್‌ಎಚ್‌ಗಾಗಿ 22ನೇ ಪೋರ್ಟಿಗೂ ಒಂದೊಂದು ನಿಯಮ ಸೇರಿಸಿ.

• ‘ನೋ ವ್ಯಾಲಿಡ್ ಹೋಸ್ಟ್’ ಅಂದರೆ ನೀವು ಕೇಳಿದ್ದನ್ನು ಕೊಡಬಲ್ಲ ಸರ್ವರ್ ಶೆಡ್ಯೂಲರ್‌ಗೆ ಸಿಗಲಿಲ್ಲ. ಎಷ್ಟೋ ಸಲ ಮೆಮೊರಿಯೇ ಸಾಲದು. ಸಣ್ಣ ಫ್ಲೇವರ್ (ಅಂದರೆ ಮೆಷೀನಿನ ಅಳತೆ) ಹಾಕಿ ನೋಡಿ. ಆಗಲೂ ಬಗ್ಗದಿದ್ದರೆ ರಿಕ್ವೆಸ್ಟ್ ಐಡಿ ಹಿಡಿದು ನೋವಾದ ಎಪಿಐ, ಶೆಡ್ಯೂಲರ್, ಕಂಪ್ಯೂಟ್ ಮೂರೂ ಲಾಗ್‌ಗಳಲ್ಲಿ ಹುಡುಕಿ. ಒಂದು ವಿನಂತಿ ಎಲ್ಲೆಲ್ಲಿ ಹಾದು ಎಲ್ಲಿ ನಿಂತಿತು ಎಂದು ಒಮ್ಮೆ ಕಣ್ಣಾರೆ ಕಂಡರೆ, ಹತ್ತು ವಿಡಿಯೊ ನೋಡಿದರೂ ಬಾರದ ತಿಳಿವಳಿಕೆ ಬರುತ್ತದೆ.

• ವಾರ ಕಳೆದ ಮೇಲೆ ಹೊರೈಜನ್ ಮುಚ್ಚಿ, ಅದೇ ಕೆಲಸಗಳನ್ನು ಕಮಾಂಡ್ ಲೈನಿನಲ್ಲಿ ಮಾಡಿ.

• ಆರು ತಿಂಗಳಿಗೊಂದು ಹೊಸ ಆವೃತ್ತಿ ಬರುತ್ತದೆ. ಓದುತ್ತಿರುವ ಕೈಪಿಡಿ ನೀವು ಹಾಕಿಕೊಂಡ ಆವೃತ್ತಿಯದೇ ಹೌದೋ ಎಂದು ಮೊದಲು ನೋಡಿ.

• ಆ ಕೈಪಿಡಿಯಲ್ಲಿ ತಪ್ಪು ಕಂಡರೆ ಓಪನ್‌ಸ್ಟ್ಯಾಕ್ ತಂಡ ತಿದ್ದುಪಡಿಗಳನ್ನು ಪರಿಶೀಲಿಸುವ ಗೆರಿಟ್‌ನಲ್ಲಿ ತಿದ್ದುಪಡಿ ಕಳುಹಿಸಿ. ಒಂದೇ ಸಾಲಿನದಾದರೂ ಸರಿ, ದಯವಿಟ್ಟು ಕಳುಹಿಸಿ.