ಬಾಗಿಲ ಬಳಿ ಕುಳಿತವಳ ಮಾತು

ನಿಮ್ಮ ಮನೆಯ ಮಗನೋ ಮಗಳೋ ಸಮಾಜಕಾರ್ಯ ಓದುತ್ತಿರಬಹುದು. ಪುಸ್ತಕ ಬದಿಗಿಟ್ಟು ಬಳ್ಳಾರಿಯ ಬಡಾವಣೆಗೋ, ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗೋ ಹೊರಟಾಗ, "ಇದೆಂಥ ಓದು?" ಎಂದು ನೀವು ಕೇಳಿರಲೂಬಹುದು. ಅದು ಕ್ಷೇತ್ರಕಾರ್ಯ. ಗುಂಪಿನೊಡನೆ ಕೆಲಸ ಮಾಡುವ ವಿದ್ಯೆಯನ್ನು ಅಲ್ಲಿಯೇ ಕಲಿಯಬೇಕು.

ಒಂದು ಸ್ತ್ರೀಶಕ್ತಿ ಸಂಘವನ್ನು ಊಹಿಸಿಕೊಳ್ಳಿ. ಹದಿನೈದು ಮಂದಿ ಸದಸ್ಯೆಯರು. ವಿದ್ಯಾರ್ಥಿನಿ ಸಂಜೆ ನಾಲ್ಕಕ್ಕೆ ಸಭೆ ಕರೆದಳು. ಯಾರೂ ಬರಲಿಲ್ಲ. ತುಂಗಭದ್ರಾ ಕಾಲುವೆಯ ನೀರು ಬಂದು ಭತ್ತದ ನಾಟಿ ನಡೆಯುವಾಗ ನಾಲ್ಕಕ್ಕೆ ಯಾರು ತಾನೇ ಬಂದಾರು? ಮೊದಲ ಪಾಠ: ಹೊತ್ತು ನಮ್ಮದಲ್ಲ, ಅವರದು.

ರಾತ್ರಿ ಎಂಟಕ್ಕೆ ಸಭೆ ಸೇರಿತು. ಒಬ್ಬಾಕೆಯೇ ಎಲ್ಲರ ಪರವಾಗಿ ಮಾತಾಡಿದಳು. ಬಾಗಿಲ ಬಳಿ ಕುಳಿತವಳು ತುಟಿ ಬಿಚ್ಚಲಿಲ್ಲ. ಅವಳ ಮನೆಮಾತು ತೆಲುಗು. ಮೇಲಾಗಿ ಎರಡು ಕಂತು ಬಾಕಿ. "ಸಾಲ ಕಟ್ಟದವರನ್ನು ತೆಗೆದುಹಾಕಿ" ಎಂದು ಕೂಗೆದ್ದಿತು. ತನ್ನ ಪರ್ಸಿನಿಂದಲೇ ಹಣ ಕಟ್ಟಿಬಿಡಲೇ ಎಂದು ವಿದ್ಯಾರ್ಥಿನಿಗೆ ಅನಿಸಿತು. ಕಟ್ಟಿದ್ದರೆ ಅಂದಿನ ಜಗಳ ನಿಲ್ಲುತ್ತಿತ್ತು, ಸಂಘ ಮಾತ್ರ ಬೆಳೆಯುತ್ತಿರಲಿಲ್ಲ. ಅವಳು ಕೇಳಿದ್ದು ಇಷ್ಟೇ: "ಕಂತು ತಪ್ಪಿದರೆ ಏನು ಮಾಡಬೇಕೆಂದು ನೀವೇ ಮೊದಲು ಬರೆದುಕೊಂಡಿದ್ದೀರಿ, ಅಕ್ಕಾ?" ಬಳಿಕ ಬಾಗಿಲ ಕಡೆ ತಿರುಗಿ, "ನೀವು ತೆಲುಗಿನಲ್ಲೇ ಹೇಳಿ ಅಮ್ಮಾ" ಎಂದಳು. ಗಂಡನ ಕಾಯಿಲೆಯ ವಿಷಯ ಅಂದೇ ಹೊರಬಿತ್ತು. ಕಂತಿನ ಗಡುವನ್ನು ಮುಂದೂಡಿದವರು ಸದಸ್ಯೆಯರೇ.

ಇಂಥ ಜಗಳ ಗುಂಪು ಕೆಟ್ಟಿತೆಂಬುದಕ್ಕೆ ಗುರುತಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರೂಸ್ ಟಕ್ಮನ್ 1965ರಲ್ಲಿ ಗುಂಪಿನ ನಾಲ್ಕು ಹಂತಗಳನ್ನು ಗುರುತಿಸಿದರು: ಕೂಡುವುದು, ಸಿಡಿಯುವುದು, ಕಟ್ಟಳೆಗೆ ಒಗ್ಗುವುದು, ಕೆಲಸ ಸಾಗುವುದು. 1977ರಲ್ಲಿ ಐದನೆಯದಾಗಿ ಅಗಲುವುದೂ ಸೇರಿತು. ಆದ್ದರಿಂದ ವಿದ್ಯಾರ್ಥಿ ತಾನು ಯಾವ ತಿಂಗಳು ಹೊರಡುವೆನೆಂದು ಮೊದಲೇ ಹೇಳಬೇಕು. ಅವನು ಹೋದ ಮೇಲೂ ಲೆಕ್ಕದ ಪುಸ್ತಕ ಬರೆಯುವ ಕೈ ಊರಿನದೇ ಆಗಿರಬೇಕು.

ಪ್ರೇಷಿತರ ಕಾರ್ಯಕಲಾಪಗಳ 6ನೇ ಅಧ್ಯಾಯವನ್ನು ನೆನೆಯಿರಿ. ದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸಲಾಗಿದೆ ಎಂಬ ಗೊಣಗಾಟವೆದ್ದಿತ್ತು. ಪ್ರೇಷಿತರು ದೂರನ್ನು ಅದುಮಲಿಲ್ಲ, ಬಡಿಸುವ ಕೆಲಸವನ್ನು ತಾವೇ ಹೊರಲೂ ಇಲ್ಲ. ಏಳು ಮಂದಿಯನ್ನು ನೀವೇ ಆರಿಸಿರಿ ಎಂದು ಸಮುದಾಯಕ್ಕೇ ಹೇಳಿದರು.

ಸಭೆಯಿಂದ ಮರಳಿದ ಮೇಲೆ ವಿದ್ಯಾರ್ಥಿ ವರದಿ ಬರೆಯುತ್ತಾನೆ. "ಹದಿನೈದು ಮಂದಿ ಹಾಜರು" ಎಂದಷ್ಟೇ ಬರೆದರೆ ಸಾಲದು. ಯಾರು ಯಾರಿಗೆ ಉತ್ತರಿಸಿದರು, ಯಾರು ಸುಮ್ಮನಿದ್ದರು, ತಾನು ಎಲ್ಲಿ ಅವಸರಪಟ್ಟೆ ಎಂಬುದನ್ನೂ ಬರೆಯಬೇಕು. ಮುಂದಿನ ವಾರದ ಪಾಠ ಅದರಲ್ಲೇ ಇರುತ್ತದೆ.

ಈ ವಿದ್ಯೆಯ ಮೊದಲ ಶಾಲೆ ಮನೆಯೇ. ಇಂದು ರಾತ್ರಿ ಊಟಕ್ಕೆ ಕುಳಿತಾಗ, ಮನೆಯಲ್ಲಿ ಅತಿ ಕಡಿಮೆ ಮಾತಾಡುವವರನ್ನು ಮೊದಲು ಕೇಳಿ. ಅವರು ಹೇಳಿ ಮುಗಿಸುವ ತನಕ ಕಾಯಿರಿ.