ರಂಗದ ಬೆಳಕಿಗೊಂದು ಲೆನ್ಸು

ಶ್ರೀನಗರದ ನಮ್ಮ ಮನೆಯಿಂದ ಹನುಮಂತನಗರದ ಕೆ.ಎಚ್. ಕಲಾಸೌಧಕ್ಕೆ ನಡೆದೇ ಹೋಗಬಹುದು. ಗೆಳೆಯರ ನಾಟಕಗಳ ಫೋಟೊ ತೆಗೆಯಲು ಕ್ಯಾಮೆರಾ ಚೀಲ ಹೆಗಲಿಗೇರಿಸಿ ಎಷ್ಟೋ ಸಂಜೆ ಆ ದಾರಿಯಲ್ಲಿ ನಡೆದಿದ್ದೇನೆ. ನಾಟಕದಲ್ಲಿ ಫ್ಲ್ಯಾಷ್ ಹಾಕುವಂತಿಲ್ಲ. ಬೆಳಕಿನ ವಿನ್ಯಾಸ ಮಾಡಿದವರು ಎಷ್ಟು ಕೊಟ್ಟರೋ ಅಷ್ಟರಲ್ಲೇ ಕೆಲಸ ಆಗಬೇಕು.

ಆಗ ನನ್ನ ಹತ್ತಿರ ಇದ್ದದ್ದು ನಿಕಾನ್ ಡಿ90, ಅದರ ಜೊತೆಗೇ ಬಂದ 18–105 ಜೂಮ್ ಲೆನ್ಸು. ನಟರ ಮುಖ ಹತ್ತಿರಕ್ಕೆ ಎಳೆದುಕೊಂಡರೆ ಆ ಲೆನ್ಸು ಎಫ್/5.6ಕ್ಕಿಂತ ಹೆಚ್ಚು ಬಾಯಿ ತೆರೆಯುವುದಿಲ್ಲ. ಐಎಸ್‌ಒ 3200ಕ್ಕೆ ಏರಿಸಿದರೂ ಷಟರ್ ವೇಗ 1/30 ಸೆಕೆಂಡಿನ ಆಸುಪಾಸು. ನಟ ಕೈ ಎತ್ತಿದರೆ ಕೈಯೇ ಕಾಣದಷ್ಟು ಮಸುಕು. ಮುಖದ ಮೇಲೆಲ್ಲ ರಾಗಿ ಚೆಲ್ಲಿದ ಹಾಗೆ ಕಾಳುಕಾಳು.

ಇದಕ್ಕೆಲ್ಲ ಕ್ಯಾಮೆರಾವೇ ಕಾರಣ ಎಂದು ತೀರ್ಮಾನಿಸಿಬಿಟ್ಟೆ. ಚೀಟಿ ಎತ್ತಿ, ಬಂದ ಹಣವನ್ನೆಲ್ಲ ಹಾಕಿ ದೊಡ್ಡ ಸೆನ್ಸರಿನ ಫುಲ್‌ಫ್ರೇಮ್ ಕ್ಯಾಮೆರಾ, ನಿಕಾನ್ ಡಿ750 ತಂದೆ. ಅದು 2014ರಲ್ಲಿ ಬಂದ ಮಾದರಿ, ನಾನು ಕೊಂಡದ್ದು ಕೆಲವು ವರ್ಷಗಳ ನಂತರ. ಲೆನ್ಸಿಗೆ ಕೈಯಲ್ಲಿ ಕಾಸು ಉಳಿಯಲಿಲ್ಲ. ಹಳೆಯ ಲೆನ್ಸನ್ನೇ ಅದಕ್ಕೆ ಹಾಕಿಕೊಂಡು ಹೋದೆ.

ಆ ಲೆನ್ಸು ತಯಾರಾದದ್ದು ಚಿಕ್ಕ ಸೆನ್ಸರಿಗಾಗಿ. ಅದನ್ನು ಹಾಕಿದ ಕೂಡಲೇ ಡಿ750 ತನ್ನ ಸೆನ್ಸರಿನ ನಡುವಿನ ಭಾಗವನ್ನಷ್ಟೇ ಬಳಸುತ್ತದೆ. 24 ಮೆಗಾಪಿಕ್ಸೆಲ್‌ನ ಚಿತ್ರ ಸುಮಾರು 10ಕ್ಕೆ ಇಳಿಯುತ್ತದೆ. ಬೇಡವೆಂದು ಪೂರ್ತಿ ಸೆನ್ಸರ್ ತೆರೆದರೆ ನಾಲ್ಕು ಮೂಲೆಗಳಿಗೂ ಕತ್ತಲೆ. ಅಂದರೆ ಲಕ್ಷಕ್ಕೂ ಮೇಲೆ ಕೊಟ್ಟು ಫುಲ್‌ಫ್ರೇಮ್ ತಂದಿದ್ದೇನೆ, ತೆಗೆಯುತ್ತಿರುವುದು ಮಾತ್ರ ಚಿಕ್ಕ ಸೆನ್ಸರಿನ ಚಿತ್ರವನ್ನೇ. ಆ ರಾತ್ರಿ ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ಕಾಳು ಕಡಿಮೆಯಾಗಿತ್ತು ನಿಜ, ಆದರೆ ನಟನ ಕೈ ಮತ್ತೆ ಮಸುಕು.

ಆಮೇಲೆ ಕೂತು ಲೆಕ್ಕ ಹಾಕಿದೆ. ಮೊದಲೇ ಹಾಕಬೇಕಿದ್ದ ಲೆಕ್ಕ ಅದು. ಫುಲ್‌ಫ್ರೇಮ್ ಸೆನ್ಸರಿನ ಅಳತೆ ಸುಮಾರು 36×24 ಮಿ.ಮೀ. 1925ರಲ್ಲಿ ಮಾರಾಟಕ್ಕೆ ಬಂದ ಲೈಕಾ ಕ್ಯಾಮೆರಾ ಸಿನಿಮಾ ಫಿಲಂ ಬಳಸಿ ರೂಢಿಗೆ ತಂದ ಚೌಕಟ್ಟೇ ಇದು. ನನ್ನ ಹಳೆಯ ಸೆನ್ಸರಿಗೆ ಹೋಲಿಸಿದರೆ ವಿಸ್ತೀರ್ಣ ಎರಡೂಕಾಲು ಪಟ್ಟಿನ ಸುತ್ತಮುತ್ತ. ಎಫ್/5.6ರಿಂದ ಎಫ್/1.8ರಷ್ಟು ಬಾಯಿ ತೆರೆಯುವ ಲೆನ್ಸಿಗೆ ಬಂದರೆ ಒಳಗೆ ಬರುವ ಬೆಳಕೋ ಹೆಚ್ಚುಕಡಿಮೆ ಹತ್ತು ಪಟ್ಟು! 1/30 ಸೆಕೆಂಡು ಬೇಕಿದ್ದ ಕಡೆ 1/300 ಸಾಕು. ನನಗೆ ಬೇಕಿದ್ದದ್ದು ಲೆನ್ಸು, ನಾನು ಕೊಂಡದ್ದು ಕ್ಯಾಮೆರಾ.

ಆರೇಳು ತಿಂಗಳು ಕಾದು 85 ಮಿ.ಮೀ. ಎಫ್/1.8 ಲೆನ್ಸು ತಂದೆ. ಸುಮಾರು 350 ಗ್ರಾಂ ತೂಕ, ಜೂಮ್ ಇಲ್ಲ, ಬೆಲೆ ಕ್ಯಾಮೆರಾದ ಬೆಲೆಯ ಒಂದು ಸಣ್ಣ ಪಾಲು. ಮುಂದಿನ ಪ್ರದರ್ಶನಕ್ಕೆ ಮಗಳೂ ಬಂದಿದ್ದಳು. ಅರ್ಧ ನಾಟಕ ಮುಗಿದ ಮೇಲೆ ಆ ಲೆನ್ಸನ್ನು ಹಳೆಯ ಡಿ90ಗೆ ಹಾಕಿ ಅವಳ ಕೈಗೆ ಕೊಟ್ಟೆ. ಮರುದಿನ ಎರಡೂ ಕ್ಯಾಮೆರಾಗಳ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು, “ಅಪ್ಪಾ, ಇದ್ರಲ್ಲಿ ನಿಮ್ದು ಯಾವ್ದು ಹೇಳಿ” ಅಂದಳು. ಮಾಮೂಲಿ ಬೆಳಕಿನ ದೃಶ್ಯಗಳಲ್ಲಿ ಮೂರಕ್ಕೆ ಎರಡು ನಾನು ತಪ್ಪು ಹೇಳಿದೆ.

ಹಾಗಾದರೆ ಫುಲ್‌ಫ್ರೇಮ್ ದಂಡವೇ? ಅಲ್ಲ, ಖಂಡಿತ ಅಲ್ಲ. ಅದರ ಬೆಲೆ ಗೊತ್ತಾದದ್ದು ಇಬ್ಬರು ನಟರನ್ನು ಒಂದೇ ಚಿತ್ರದಲ್ಲಿ ಹಿಡಿಯಲು ಹೋದಾಗ. ನಾಲ್ಕು ಮೀಟರ್ ದೂರದಿಂದ ಎಫ್/1.8ರಲ್ಲಿ ತೆಗೆದರೆ ಸ್ಪಷ್ಟವಾಗಿ ಸಿಗುವುದು ಒಂದು ಗೇಣಿನಷ್ಟು ಆಳ. ಮುಂದಿರುವ ಮಗಳ ಪಾತ್ರ ಸ್ಪಷ್ಟ, ಹಿಂದೆ ನಿಂತ ತಾಯಿಯ ಪಾತ್ರ ಮಸುಕು. ಒಂದು ಮೊಳ ಆಳ ಬೇಕೆಂದರೆ ಎಫ್/3.5ಕ್ಕೆ ಇಳಿಯಬೇಕು, ಆಗ ಬೆಳಕು ಕಾಲು ಭಾಗ. ಐಎಸ್‌ಒ 1600 ಇದ್ದದ್ದನ್ನು 6400ಕ್ಕೆ ಏರಿಸಬೇಕು. ಡಿ90ಗೆ ಅದು ಅಳವಲ್ಲ, ಡಿ750ಗೆ ಸಲೀಸು. ತಾಯಿ–ಮಗಳ ಆ ಒಂದು ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ತಂಡದವರಿಗೆ ಕೊಟ್ಟಿದ್ದೇನೆ.

ಇನ್ನೊಂದು ವಿಷಯ ಕಲಿಯಲು ಹಣವೇನೂ ಖರ್ಚಾಗಲಿಲ್ಲ, ಒಂದು ವರ್ಷ ಹಿಡಿಯಿತು ಅಷ್ಟೆ. ಹಿಂದೆ ಕಪ್ಪು ಪರದೆ, ನಡುವೆ ಒಂದು ಮುಖದ ಮೇಲೆ ಬೆಳಕು. ಕ್ಯಾಮೆರಾ ಆ ಕಪ್ಪನ್ನು ನೋಡಿ ಕತ್ತಲೆಯೆಂದು ಬಗೆದು ಮುಖವನ್ನು ಸುಣ್ಣ ಬಳಿದಂತೆ ಬೆಳ್ಳಗೆ ಮಾಡಿಬಿಡುತ್ತದೆ. ಡಿ750ರಲ್ಲಿ ಅತಿ ಹೊಳಪಿನ ಭಾಗವನ್ನು ಮೊದಲು ಕಾಪಾಡುವ ಮೀಟರಿಂಗ್ ಇದೆ. ಅಷ್ಟು ದಿನ ಅದು ಕಣ್ಣೆದುರಿಗೇ ಇತ್ತು. ಅದನ್ನು ಹಾಕಿದ ದಿನದಿಂದ ಮುಖಗಳು ಮುಖಗಳಂತೆ ಬಂದವು.

ಕೊಂಡ ಲೆನ್ಸನ್ನು ಕಾಪಾಡಲೂ ಬೇಕು. ಒಂದು ಮಳೆಗಾಲ ಬ್ಯಾಗಿನಲ್ಲೇ ಬಿಟ್ಟ ಇನ್ನೊಂದು ಲೆನ್ಸಿನ ಗಾಜಿನೊಳಗೆ ಜೇಡರ ಬಲೆಯಂಥ ಫಂಗಸ್ ಬಂತು. ಆಮೇಲೆ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಒಂದು ಸಣ್ಣ ತೇವಮಾಪಕ ತಂದೆ. ತೇವ ಶೇ. 40ರಿಂದ 50ರೊಳಗೆ ಇರುವಂತೆ ನೋಡಿಕೊಳ್ಳುತ್ತೇನೆ. ಒಳ್ಳೆಯ ಲೆನ್ಸನ್ನು ಹೀಗೆ ನೋಡಿಕೊಂಡರೆ ಅದು ಮೂರು ಕ್ಯಾಮೆರಾಗಳಿಗಿಂತ ಹೆಚ್ಚು ಬಾಳುತ್ತದೆ.

ಫುಲ್‌ಫ್ರೇಮ್ ಕೊಳ್ಳಬೇಕೆಂದಿರುವವರಲ್ಲಿ ನನ್ನದೊಂದು ಕೋರಿಕೆ. ಲೆನ್ಸುಗಳನ್ನು ದಿನದ ಬಾಡಿಗೆಗೆ ಕೊಡುವವರು ಬೆಂಗಳೂರಿನಲ್ಲಿ ಇದ್ದಾರೆ. ಒಂದು ಒಳ್ಳೆಯ ಲೆನ್ಸು ತಂದು ನಿಮ್ಮ ಹಳೆಯ ಕ್ಯಾಮೆರಾಕ್ಕೇ ಹಾಕಿ, ನೀವು ನಿಜವಾಗಿ ಫೋಟೊ ತೆಗೆಯುವ ಜಾಗದಲ್ಲಿ, ಆ ಬೆಳಕಿನಲ್ಲೇ, ಒಂದು ಸಂಜೆ ತೆಗೆದು ನೋಡಿ. ಆಮೇಲೆ ಚೀಟಿ ಎತ್ತಿ.